ಹಳೆಯ ಮೋಟಾರು ಗಾಡಿಯ ರೋಗನಿದಾನ

ರೋಗವೇನೆಂಬುದನ್ನು ನಿಶ್ಚಯಿಸಿಕೊಳ್ಳದೆ ಔಷಧವನ್ನು ಕೊಡುವ ವೈದ್ಯನನ್ನು ನಮ್ಮ ಹಿರಿಯರು ಎಂದೂ ಆದರಿಸಿದವರಲ್ಲ. ಮಾಧವಕರನ ನಿದಾನಗ್ರಂಥವು ಚಿಕಿತ್ಸೆಯನ್ನು ಬಿಟ್ಟು ರೋಗವನ್ನು ಗುರುತಿಸುವ ವಿಷಯಕ್ಕೇ ಮೀಸಲಾಗಿರುವುದನ್ನು ನೋಡಿದರೆ, ಈ ಕಾರ್ಯಕ್ಕೆ ಅವರು ಎಷ್ಟು ಗೌರವವನ್ನು ಕೊಟ್ಟಿದ್ದರೆಂಬುದು ವಿಶದವಾಗುವುದು. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ರೋಗಜ್ಞಾನಕ್ಕೆ ಐದು ಸಾಧನಗಳು. ಎಂದರೆ ಕಾರಣ, ಮುನ್ಸೂಚನೆ, ಪ್ರಕಟವಾದ ಲಕ್ಷಣ, ಯಾವುದರಿಂದ ಶಮನವಾಗುವುದೆಂಬ ಪರೀಕ್ಷೆ, ದೋಷವು ಬೆಳೆದುಬಂದ ಕ್ರಮ. ಮನುಷ್ಯದೇಹವನ್ನು ಕುರಿತು ಹೇಳಿದ ಈ ಮಾತು ಮನೆಯ ಮುಂದೆ ನಿಂತಿರುವ ಹಳೆಯ ಮೋಟಾರು ಗಾಡಿಗೂ ಚೆನ್ನಾಗಿ ಒಪ್ಪುವುದೆಂಬುದೇ ಈ ತಿಂಗಳಿನ ನಮ್ಮ ಪ್ರಸ್ತಾಪ.

ಗೃಹಸ್ಥರ ಪತ್ರಿಕೆಗೆ ಮೋಟಾರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಹೊಸ ಗಾಡಿಯನ್ನು ಕೊಳ್ಳುವ ಶಕ್ತಿಯಿಲ್ಲದ ಸಂಸಾರಗಳು ನಮ್ಮಲ್ಲಿ ಬಹಳ. ಹದಿನೈದು ಇಪ್ಪತ್ತು ವರ್ಷ ದುಡಿದ ಗಾಡಿಯೇ ಅಲ್ಲಿ ವೃದ್ಧರನ್ನು ಆಸ್ಪತ್ರೆಗೂ ಮಕ್ಕಳನ್ನು ಪರೀಕ್ಷೆಗೂ ಹೊತ್ತೊಯ್ಯಬೇಕು. ಅದರ ದೀಪ ಮಂಕಾದಾಗ, ತಂಪು ನಿಂತಾಗ, ಒಂದಾದಮೇಲೊಂದರಂತೆ ಭಾಗಗಳನ್ನು ಬದಲಿಸುತ್ತ ಹೋದರೆ ತಿಂಗಳ ಖರ್ಚಿನ ಲೆಕ್ಕವೇ ತಲೆಕೆಳಗಾಗುವುದು. ಆದುದರಿಂದ ಯಜಮಾನನಾಗಲಿ ಗೃಹಿಣಿಯಾಗಲಿ ರಿಪೇರಿಯನ್ನು ಕಲಿಯದಿದ್ದರೂ ಲಕ್ಷಣಗಳನ್ನು ಓದುವುದನ್ನಾದರೂ ಕಲಿಯತಕ್ಕದ್ದು.

ಮೊದಲು ವಿದ್ಯುತ್ತಿನ ವಿಚಾರ. ವಿದ್ಯುತ್ಪ್ರವಾಹವು ಬ್ಯಾಟರಿಯ ಒಂದು ತುದಿಯಿಂದ ಹೊರಟು ದೀಪವನ್ನೋ ಬೀಸಣಿಗೆಯನ್ನೋ ನಡೆಸಿ ಮತ್ತೊಂದು ತುದಿಗೆ ಮರಳಲೇಬೇಕು. ಮರಳುವ ದಾರಿಯಿಲ್ಲದಿದ್ದರೆ ಹೊರಡುವುದೂ ಇಲ್ಲ. ಗಾಡಿಯಲ್ಲಿ ಹೋಗುವ ದಾರಿಗೆ ತಂತಿಯುಂಟು. ಮರಳುವ ದಾರಿಯ ಬಹುಭಾಗ ಗಾಡಿಯ ಲೋಹದ ಮೈಯೇ. ತಂತಿಯನ್ನು ಮೈಗೆ ಬಿಗಿದಿರುವ ಈ ಜಾಗಗಳಿಗೆ ಅರ್ಥಿಂಗ್ ಎಂದು ಹೆಸರು. ಹತ್ತಾರು ಮಳೆಗಾಲಗಳನ್ನು ಕಂಡ ಗಾಡಿಯಲ್ಲಿ ಅಲ್ಲಿ ತುಕ್ಕು ಹಿಡಿಯುವುದು ಸಹಜ. ಜಾರ್ಜ್ ಓಮನು 1827ರಲ್ಲಿ ಪ್ರಕಟಿಸಿದ ನಿಯಮವು ಇಲ್ಲಿ ನೆರವಿಗೆ ಬರುವುದು. 0.1 ಓಂ ಅಡ್ಡಿಯೆಂದರೆ ಕೇಳಲಿಕ್ಕೆ ಅತ್ಯಲ್ಪ. ಆದರೆ ಅದರ ಮೂಲಕ 24 ಆಂಪಿಯರ್ ಪ್ರವಾಹವು ಹರಿದರೆ 2.4 ವೋಲ್ಟು ಅಲ್ಲಿಯೇ ನಷ್ಟವಾಗುವುದು. ಹನ್ನೆರಡು ವೋಲ್ಟಿನ ಸಂಸಾರದಲ್ಲಿ ಇದು ಐದರಲ್ಲೊಂದು ಪಾಲು!

ಪರೀಕ್ಷೆಗೆ ಸಾಧಾರಣವಾದ ಮಲ್ಟಿಮೀಟರು ಸಾಕು. ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿಯು ಸುಮಾರು 12.6 ವೋಲ್ಟು ತೋರಿಸಿದರೆ ಅದು ಪೂರ್ಣವಾಗಿ ತುಂಬಿದೆ, 12.2 ತೋರಿಸಿದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ಬಹುಮಟ್ಟಿಗೆ ಬರಿದು. ಎಂಜಿನು ನಡೆಯುತ್ತಿರುವಾಗ ಇದೇ ಅಳತೆಯು 13.5ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಬ್ಯಾಟರಿಯನ್ನು ದೂಷಿಸುವ ಮೊದಲು ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡಬೇಕು. ಅನ್ನವಿಲ್ಲದೆ ಸೊರಗಿದವನಿಗೆ ದೇಹವನ್ನೇ ಬದಲಿಸುವ ಯೋಚನೆ ಸಲ್ಲದಷ್ಟೆ.

ಸಂಜೆ ಸರಿಯಾಗಿದ್ದ ಬ್ಯಾಟರಿಯು ಬೆಳಗಾಗುವಷ್ಟರಲ್ಲಿ ಸಾಯುತ್ತಿದ್ದರೆ ಎಲ್ಲಿಯೋ ಗುಪ್ತವಾಗಿ ಸೋರುತ್ತಿದೆಯೆಂದು ಅರ್ಥ. ಬೀಗ ಹಾಕಿದ ಹಳೆಯ ಗಾಡಿಯು ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಹೆಚ್ಚು ಎಳೆಯಬಾರದು. ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್-ಗಂಟೆ. 45ರ ಬ್ಯಾಟರಿಯು ನಾಲ್ಕು ದಿನವೂ ನಿಲ್ಲದು. ಇದನ್ನು ಹಿಡಿಯಲು ತಾರ್ಕಿಕರ ಅನ್ವಯವ್ಯತಿರೇಕಕ್ಕಿಂತ ಉತ್ತಮವಾದ ಮಾರ್ಗವಿಲ್ಲ. ಮೆಕ್ಯಾನಿಕನು ಪ್ರವಾಹದ ಮಾಪಕವನ್ನು ಜೋಡಿಸಿ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಲಿ. ಯಾವುದನ್ನು ತೆಗೆದಾಗ ಸೋರಿಕೆ ನಿಲ್ಲುವುದೋ, ಮರಳಿ ಇಟ್ಟಾಗ ಮೊದಲಾಗುವುದೋ, ಆ ದಾರಿಯಲ್ಲಿಯೇ ಕಳ್ಳನಿದ್ದಾನೆ.

ಫ್ಯೂಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಫ್ಯೂಸು ಇರುವುದು ಮುಖ್ಯವಾಗಿ ತಂತಿಯನ್ನು ಕಾಯಲು. 15 ಆಂಪಿಯರಿನದು ಪದೇಪದೇ ಸುಟ್ಟುಹೋಗುತ್ತಿದೆಯೆಂದು 30ರದನ್ನು ಹಾಕುವುದು, ಅಥವಾ ತಂತಿಯ ಚೂರನ್ನು ಸುತ್ತುವುದು, ಬೊಗಳುವ ನಾಯಿಯ ಬಾಯನ್ನು ಕಟ್ಟಿ ನಿದ್ರಿಸಿದಂತೆ. ಆಮೇಲೆ ಸುಡುವುದು ತಂತಿಯ ಹೊದಿಕೆ; ಅದರಿಂದ ಗಾಡಿಗೇ ಬೆಂಕಿ ಹತ್ತಬಹುದು.

ಇನ್ನು ತಂಪಿನ ಯಂತ್ರ. ಅಮೆರಿಕದ ಪ್ಯಾಕರ್ಡ್ ಕಂಪನಿಯು 1939ರಲ್ಲಿ, ತನ್ನ 1940ರ ಗಾಡಿಗಳಿಗೆಂದು, ಈ ಸೌಕರ್ಯವನ್ನು ಮೊದಲು ಒದಗಿಸಿತು. ಆ ಕಾಲದಲ್ಲಿ ಕಂಪ್ರೆಸರಿಗೆ ಕ್ಲಚ್ಚಿರಲಿಲ್ಲ. ತಂಪು ಬೇಡವಾದರೆ ಎಂಜಿನನ್ನು ನಿಲ್ಲಿಸಿ ಬೆಲ್ಟನ್ನೇ ಕಳಚಬೇಕಾಗಿತ್ತು. ಅನಂತರ ಬಂದ ಗಾಡಿಗಳಲ್ಲಿ ವಿದ್ಯುತ್ತಿನಿಂದ ಅಂಟಿಕೊಳ್ಳುವ ಅಯಸ್ಕಾಂತದ ಕ್ಲಚ್ಚು ಈ ಕೆಲಸವನ್ನು ವಹಿಸಿಕೊಂಡಿತು. ಗುಂಡಿಯನ್ನು ಒತ್ತಿದೊಡನೆ ಮುಂದುಗಡೆ ಕೇಳುವ ‘ಟಕ್’ ಎಂಬ ಸದ್ದು ಅದರದೇ. ಈ ಸದ್ದು ಕೇಳಿಸುವುದೋ ಇಲ್ಲವೋ ಎಂಬುದೇ ಮೊದಲನೆಯ ಪ್ರಶ್ನೆಯಾಗಬೇಕು. ಕೇಳಿಸದಿದ್ದರೆ ಫ್ಯೂಸು, ರಿಲೇ, ಕ್ಲಚ್ಚಿನ ಸುರುಳಿ, ಅದರ ಅರ್ಥಿಂಗ್, ಅಥವಾ ಅನಿಲವು ಕಡಮೆಯಾದಾಗ ಕಂಪ್ರೆಸರನ್ನು ತಡೆದು ಕಾಪಾಡುವ ಒತ್ತಡದ ಸ್ವಿಚ್ಚು, ಇವುಗಳಲ್ಲಿ ಹುಡುಕಬೇಕು.

ಉಳಿದ ಲಕ್ಷಣಗಳೂ ತಮ್ಮ ಕಾರಣಗಳನ್ನು ತಾವೇ ಹೇಳುವುವು. ಬೀಸಣಿಗೆಯು ಅತ್ಯಂತ ವೇಗದ ಸ್ಥಾನದಲ್ಲಿ ಮಾತ್ರ ತಿರುಗಿ ಮಿಕ್ಕ ಸ್ಥಾನಗಳಲ್ಲಿ ಮೌನವಾಗಿದ್ದರೆ ಮೋಟಾರು ಕೆಟ್ಟಿಲ್ಲ. ವೇಗವನ್ನು ತಗ್ಗಿಸುವ ರೆಸಿಸ್ಟರು ಸುಟ್ಟಿದೆ. ಗಾಡಿಯು ಓಡುವಾಗ ತಂಪಾಗಿದ್ದು ಸಿಗ್ನಲಿನಲ್ಲಿ ನಿಂತಾಗ ಬಿಸಿಯಾದರೆ ಮುಂದಿನ ಕಂಡೆನ್ಸರಿನ ಬೀಸಣಿಗೆಯನ್ನು ನೋಡಬೇಕು, ಅಥವಾ ಅಲ್ಲಿ ಕವಿದ ಧೂಳನ್ನು. ಮೊದಲು ಚೆನ್ನಾಗಿ ಬರುತ್ತಿದ್ದ ಗಾಳಿಯು ಅರ್ಧ ಗಂಟೆಯಲ್ಲಿ ಕ್ಷೀಣಿಸಿ, ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಮರಳಿದರೆ, ಒಳಗಿನ ಇವಾಪೊರೇಟರಿನ ಮೇಲೆ ಮಂಜು ಕಟ್ಟುತ್ತಿದೆ. ಕಾಲಡಿಯ ಹಾಸು ನೆನೆದಿದ್ದರೆ ನೀರಿಳಿಯುವ ಕೊಳವೆ ಕಟ್ಟಿರಬಹುದು. ಆದರೆ ಸಿಹಿವಾಸನೆ ಬಂದು ಗಾಜಿನ ಒಳಮೈ ಜಿಡ್ಡುಜಿಡ್ಡಾಗಿ ಮಂಜಾದರೆ ಅದು ನೀರಲ್ಲ, ಹೀಟರಿನಿಂದ ಸೋರುತ್ತಿರುವ ಕೂಲಂಟು.

‘ಗ್ಯಾಸು ಮುಗಿದಿದೆ’ ಎಂಬ ಮಾತನ್ನು ಎಲ್ಲರೂ ಕೇಳಿರುವರು. ಈ ಅನಿಲವು ಪೆಟ್ರೋಲಿನಂತೆ ಉರಿದು ತೀರುವುದಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವುದು. ಹಲವು ವರ್ಷಗಳಲ್ಲಿ ರಬ್ಬರಿನ ಕೊಳವೆ ಮತ್ತು ಸೀಲುಗಳಿಂದ ಕಿಂಚಿತ್ತು ಜಿನುಗುವುದುಂಟು; ಆದರೆ ಕೆಲವೇ ತಿಂಗಳಲ್ಲಿ ಮುಗಿದರೆ ಎಲ್ಲಿಯೋ ತೂತಿದೆ. ತೂತನ್ನು ಹುಡುಕದೆ ಮತ್ತೆ ತುಂಬುವುದು ಒಡೆದ ಕೊಡಕ್ಕೆ ನೀರು ಸೇದಿದಂತೆ. ಅನಿಲದೊಡನೆ ಎಣ್ಣೆಯೂ ಸಂಚರಿಸುವುದರಿಂದ ಕೀಲುಗಳಲ್ಲಿ ಕಾಣುವ ಜಿಡ್ಡಿನ ಕಲೆ ಸೋರಿಕೆಯ ಪೂರ್ವರೂಪವೆನ್ನಬಹುದು. ಬಹಳ ಹಳೆಯ ಗಾಡಿಗಳಲ್ಲಿದ್ದ ಆರ್-12 ಎಂಬ ಅನಿಲವು ಓಜೋನ್ ಪದರಕ್ಕೆ ಹಾನಿಕರವಾದ್ದರಿಂದ, 1987ರ ಮಾಂಟ್ರಿಯಲ್ ಒಡಂಬಡಿಕೆಯ ಫಲವಾಗಿ ಅದು ಬಳಕೆಯಿಂದ ಹೋಗಿ ಆರ್-134ಎ ಬಂದಿತು. ಇವೆರಡಕ್ಕೂ ಒಪ್ಪುವ ಎಣ್ಣೆ ಬೇರೆಬೇರೆ, ಬೆರಸತಕ್ಕದ್ದಲ್ಲ. ಈ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಲೂ ಕೂಡದು. ಹೊರಚಿಮ್ಮುವ ಅನಿಲವು ಚರ್ಮವನ್ನೂ ಕಣ್ಣನ್ನೂ ಕೊರೆದು ಕೆಡಿಸಬಲ್ಲದು.

ಇಷ್ಟೆಲ್ಲ ಶಾಸ್ತ್ರವು ಪ್ರಯೋಗದಲ್ಲಿ ಹೇಗೆ ನಿಲ್ಲುವುದೆಂಬುದಕ್ಕೆ ನಮ್ಮ ಬೀದಿಯದೇ ಒಂದು ನಿದರ್ಶನವನ್ನು ಹೇಳುವೆವು. ಅಲ್ಲಿಯ ಒಬ್ಬ ಗೃಹಸ್ಥರಿಗೆ ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಹದಿನೆಂಟು ವರ್ಷದ ಗಾಡಿಯಲ್ಲಿ ಅವರ ಪತ್ನಿಯೇ ಕರೆದೊಯ್ಯುವರು. ಚಿಕಿತ್ಸೆ ಮುಗಿದಮೇಲೆ ರಕ್ತದೊತ್ತಡವಿಳಿದು ಅವರಿಗೆ ತಲೆಸುತ್ತು ಬರುತ್ತಿತ್ತು. ಬೇಸಗೆಯ ಧಗೆಯಲ್ಲಿ ಅದು ದುಸ್ಸಹವಾಗುತ್ತಿತ್ತು. ಗಾಡಿಯ ತಂಪು ಒಮ್ಮೊಮ್ಮೆ ನಿಂತುಹೋಗುತ್ತಿದ್ದುದರಿಂದ ಎರಡು ಸಲ ಅನಿಲವನ್ನು ತುಂಬಿಸಿದರು. ಮೂರನೆಯ ಸಲ ಕಂಪ್ರೆಸರನ್ನೇ ಬದಲಿಸಬೇಕೆಂಬ ತೀರ್ಪಾಯಿತು. ಅದರ ವೆಚ್ಚವು ಅವರ ಎರಡು ತಿಂಗಳ ನಿವೃತ್ತಿವೇತನ. ಎಂದರೆ ಔಷಧದ ಹಣ.

ಆಕೆಗೆ ನಾವು ಕೊಟ್ಟ ಸಲಹೆ ಒಂದೇ: ಒಂದು ವಾರ ಪುಸ್ತಕದಲ್ಲಿ ಬರೆದಿಡಿ, ಎಷ್ಟು ಹೊತ್ತಿಗೆ ನಿಂತಿತು, ಆಗ ಗಾಡಿಯಲ್ಲಿ ಮತ್ತೇನು ನಡೆಯುತ್ತಿತ್ತು? ವಾರವು ಮುಗಿದಾಗ ಪುಸ್ತಕವೇ ಉತ್ತರವನ್ನು ಹೇಳಿತು. ಮಧ್ಯಾಹ್ನ ಹೋಗುವಾಗ ಒಂದು ದಿನವೂ ತಪ್ಪದ ತಂಪು, ಸಂಜೆ ಮರಳುವಾಗ ಮಾತ್ರ ಕೈಕೊಡುತ್ತಿತ್ತು. ಅದೂ ದೀಪ ಹಾಕಿಕೊಂಡು ಸಿಗ್ನಲಿನಲ್ಲಿ ನಿಂತಾಗ. ದೀಪಗಳೂ ಆಗ ಮಂಕಾಗುತ್ತಿದ್ದುವು. ಅನಿಲವು ಸೋರಿದ್ದರೆ ಮಧ್ಯಾಹ್ನವೇಕೆ ತಂಪಾಗುವುದು? ಕಂಪ್ರೆಸರು ಸವೆದಿದ್ದರೆ ದೀಪವೇಕೆ ಮಂಕಾಗುವುದು? ಎರಡು ದೋಷಗಳು ಜೊತೆಯಾಗಿ ಬಂದು ಜೊತೆಯಾಗಿ ಹೋಗುತ್ತಿದ್ದರೆ ಮೊದಲು ಎರಡಕ್ಕೂ ಸಮಾನವಾದ ಕಾರಣವನ್ನು ಅರಸುವುದು ನ್ಯಾಯ.

ಆಕೆಯು ಪುಸ್ತಕವನ್ನು ಬೇರೊಬ್ಬ ಎಲೆಕ್ಟ್ರಿಷಿಯನ್ನನಿಗೆ ತೋರಿಸಿದರು. ಆತನು ಮಾಪಕದ ಒಂದು ಮೊನೆಯನ್ನು ಬ್ಯಾಟರಿಯ ಋಣತುದಿಗೂ ಮತ್ತೊಂದನ್ನು ರೇಡಿಯೇಟರಿನ ಪಕ್ಕದ ಅರ್ಥಿಂಗಿಗೂ ಇಟ್ಟನು. ಮುಂದಿನ ದೀಪಗಳು, ಬೀಸಣಿಗೆ, ಕಂಪ್ರೆಸರಿನ ಕ್ಲಚ್ಚು, ಮೂರರ ಪ್ರವಾಹವೂ ಮರಳುತ್ತಿದ್ದುದು ಆ ಒಂದೇ ಬೋಲ್ಟಿನ ಮೂಲಕ. ಎಲ್ಲವನ್ನೂ ನಡೆಸಿದಾಗ 0.2ರ ಒಳಗಿರಬೇಕಾದ ಅಳತೆಯು 2 ವೋಲ್ಟನ್ನು ಮೀರಿತು. ದೀಪವಿಲ್ಲದ ಮಧ್ಯಾಹ್ನದಲ್ಲಿ ಪ್ರವಾಹವು ಕಡಮೆಯಾಗಿ, ನಷ್ಟವೂ ಕಡಮೆಯಾಗಿ, ಕ್ಲಚ್ಚು ಹಿಡಿದುಕೊಳ್ಳುತ್ತಿತ್ತು. ಸಂಜೆ ದೀಪದ ಭಾರ ಸೇರಿ, ನಿಂತ ಗಾಡಿಯಲ್ಲಿ ವೋಲ್ಟೇಜೂ ಇಳಿದು, ಅದು ಕೈಬಿಡುತ್ತಿತ್ತು. ಸಂಪ್ರಾಪ್ತಿಯೆಂದರೆ ಇದೇ. ಬೋಲ್ಟನ್ನು ಬಿಚ್ಚಿ ತುಕ್ಕನ್ನು ಉಜ್ಜಿ ಬಿಗಿದು ಗ್ರೀಸು ಸವರಿದೊಡನೆ ತೊಂದರೆ ಶಮನವಾಯಿತು, ಇದು ಉಪಶಯ. ಕೂಲಿಯ ಹೊರತು ಖರ್ಚಾದುದು ಒಂದು ಚೂರು ಮರಳುಕಾಗದ.

ಮೆಕ್ಯಾನಿಕರೆಲ್ಲ ವಂಚಕರೆಂಬ ಅಭಿಪ್ರಾಯ ನಮ್ಮದಲ್ಲ. ಹಗಲಿನಲ್ಲಿ ತಂದು ನಿಲ್ಲಿಸಿದ ಗಾಡಿಯಲ್ಲಿ ಸಂಜೆಯ ರೋಗವು ಕಾಣುವುದಾದರೂ ಹೇಗೆ? ರೋಗಿಯು ಮಾತನಾಡಲಾರನಾದ್ದರಿಂದ ದಿನವೂ ಜೊತೆಯಲ್ಲಿರುವ ನಾವೇ ಅವನ ಪರವಾಗಿ ಹೇಳಬೇಕು. ‘ಎ.ಸಿ. ಕೆಟ್ಟಿದೆ’ ಎಂದಷ್ಟೇ ಹೇಳಿ ಬೀಗದಕೈಯನ್ನು ಕೊಟ್ಟುಬರುವುದು ಸಾಲದು. ಯಾವಾಗ, ಎಷ್ಟು ಹೊತ್ತು, ಮತ್ತೇನು ಚಾಲ್ತಿಯಲ್ಲಿದ್ದಾಗ ಎಂಬುದನ್ನು ಬರೆದು ಕೊಡಬೇಕು. ದುಬಾರಿಯಾದ ಭಾಗವನ್ನು ಬದಲಿಸಬೇಕೆಂದಾಗ, ‘ಇದನ್ನು ಯಾವ ಪರೀಕ್ಷೆಯಿಂದ ನಿಶ್ಚಯಿಸಿದಿರಿ?’ ಎಂದು ವಿನಯದಿಂದ ಕೇಳಬೇಕು. ಬಲ್ಲವನು ಸಂತೋಷದಿಂದ ತೋರಿಸುವನು.

ಕಡೆಯದಾಗಿ ಒಂದು ಮಾತು. ತಂಪನ್ನು ಪರೀಕ್ಷಿಸುವ ನೆಪದಲ್ಲಿ ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನನ್ನು ನಡೆಸಕೂಡದು. ಗಾಡಿಯಲ್ಲಿ ಎಂಜಿನು ನಡೆಯುತ್ತಿರಲು ನಿದ್ರಿಸಲೂ ಕೂಡದು. ಹೊಗೆಯೊಡನೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪೂರ್ವರೂಪವು ಕಾಣುವಷ್ಟರಲ್ಲಿ ಎಚ್ಚರವೇ ತಪ್ಪಿರುವುದು. ಮಿಕ್ಕ ದೋಷಗಳಿಗೆ ನಿದಾನವಾಗಿ ನಿದಾನವನ್ನು ಹುಡುಕಬಹುದು. ಇದಕ್ಕೆ ಮಾತ್ರ ಅಷ್ಟು ಅವಕಾಶವಿಲ್ಲ.