ಧ್ವಂಸವೋ, ನೆಲಸಮವೋ, ತೆರವೋ?

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ನಡೆದುದು ಕನ್ನಡ ಪತ್ರಿಕೆಗಳ ಪಾಲಿಗೆ ‘ಧ್ವಂಸ’. 2022ರ ಆಗಸ್ಟ್ 28ರಂದು ಸುಮಾರು 3,700 ಕಿಲೋ ಸ್ಫೋಟಕ ಬಳಸಿ ನೋಯ್ಡಾದ ಅವಳಿ ಗೋಪುರಗಳನ್ನು ಉರುಳಿಸಿದಾಗ ಬಂದ ಪದ ‘ನೆಲಸಮ’. ಬೆಂಗಳೂರಿನ ರಾಜಕಾಲುವೆಯ ಬದಿಯ ಮನೆಗೆ ಜೆಸಿಬಿ ನುಗ್ಗಿದರೆ ಮಾತ್ರ ಅದು ‘ತೆರವು’.

ಧ್ವಂಸವೆಂಬ ಸಂಸ್ಕೃತ ಪದದಲ್ಲಿ ಪುಡಿಯಾಗಿ ನಾಶವಾಗುವ ಅರ್ಥವಿದೆ. ‘ವಿಧ್ವಂಸಕ ಕೃತ್ಯ’ದ ನೆರಳೂ ಬಿದ್ದಿರುವುದರಿಂದ ಅದನ್ನು ಬಳಸಿದೊಡನೆ ಅಪರಾಧದ ಧ್ವನಿ ಬರುತ್ತದೆ. ನೆಲಸಮ (ಪಂಡಿತರು ಅರಿಸಮಾಸವೆಂದು ಮೂಗು ಮುರಿದಾರು) ಫಲಿತಾಂಶವನ್ನಷ್ಟೇ ಹೇಳುತ್ತದೆ. ತೆರವು ಹಾಗಲ್ಲ. ಮೂಲತಃ ಅದರರ್ಥ ಬರಿದು, ಖಾಲಿ ಜಾಗ. ಶಾಸಕರ ರಾಜೀನಾಮೆಯಿಂದ ‘ತೆರವಾದ ಸ್ಥಾನ’ ಎನ್ನುವಾಗಲೂ ಇರುವುದು ಇದೇ ಅರ್ಥ. ‘ಒತ್ತುವರಿ ತೆರವು’ ಎಂದೊಡನೆ ವಾಕ್ಯದಿಂದ ಮನೆಯೇ ಮಾಯವಾಗುತ್ತದೆ. ಉಳಿಯುವುದು ತಪ್ಪು ಮತ್ತು ಅದರ ನಿವಾರಣೆ.

ಇದು ಕೇವಲ ಶಬ್ದಚರ್ಚೆಯಲ್ಲ. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರ ನವೆಂಬರ್ 13ರಂದು ‘ಬುಲ್ಡೋಜರ್ ನ್ಯಾಯ’ಕ್ಕೆ ಕಡಿವಾಣ ಹಾಕಿತು. ಕನಿಷ್ಠ 15 ದಿನಗಳ ನೋಟಿಸ್, ಖುದ್ದು ಅಹವಾಲು ಹೇಳಲು ಅವಕಾಶ, ಕಾರಣಸಹಿತ ಆದೇಶ, ಕಾರ್ಯಾಚರಣೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಉಲ್ಲಂಘಿಸಿದರೆ ಅಧಿಕಾರಿಯೇ ಕೈಯಿಂದ ನಷ್ಟ ತುಂಬಿಕೊಡಬೇಕು. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಬದಿ, ನದಿ ಹಾಗೂ ಜಲಮೂಲಗಳಲ್ಲಿನ ಅನಧಿಕೃತ ಕಟ್ಟಡಗಳಿಗೆ, ನ್ಯಾಯಾಲಯವೇ ಕೆಡವಲು ಆದೇಶಿಸಿದ ಪ್ರಕರಣಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ.

ಅಂದರೆ, ಜಾಗವನ್ನು ಜಲಮೂಲದ ಒತ್ತುವರಿ ಎಂದು ಕರೆದೊಡನೆ ಈ ರಕ್ಷಣೆ ಕೈತಪ್ಪಬಹುದು. ಹಾಗೆ ಕರೆಯುವವರು ಯಾರು? ಬಹುತೇಕ ಸಂದರ್ಭಗಳಲ್ಲಿ, ಕೆಡವಲು ಹೊರಟ ಆಡಳಿತವೇ.

2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ಮನೆಗಳು ಉರುಳಿದಾಗ ಮಾಲೀಕರು ಖಾತಾ, ತೆರಿಗೆ ರಸೀದಿಗಳನ್ನು ಹಿಡಿದು ನಿಂತಿದ್ದರು. ಹಳೆಯ ಗ್ರಾಮನಕ್ಷೆಯಲ್ಲಿ ಕಾಲುವೆ ಇತ್ತು. ಅದರ ಮೇಲಿನ ಮನೆಗೆ ತೆರಿಗೆ ಪಡೆದದ್ದೂ ಪಾಲಿಕೆಯೇ. ಮಳೆನೀರು ಹರಿಯಲು ಕಾಲುವೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರುದಿನದ ಶೀರ್ಷಿಕೆಗೆ ಆಡಳಿತದ ಪ್ರಕಟಣೆಯ ಪದವನ್ನೇ ಎತ್ತಿಕೊಳ್ಳುವ ವರದಿಗಾರ, ಇನ್ನೂ ವಿಚಾರಣೆಯಾಗದ ವ್ಯಾಜ್ಯದಲ್ಲಿ ತೀರ್ಪು ಬರೆದಂತಾಗುತ್ತದೆ. ‘ಮನೆ ಕೆಡವಲಾಯಿತು’ ಎಂಬ ಸರಳ ಕನ್ನಡಕ್ಕೆ ಆ ತೊಡಕಿಲ್ಲ. ಒತ್ತುವರಿ ಹೌದೋ ಅಲ್ಲವೋ ಎಂಬುದನ್ನು ಅದು ಸರ್ವೆಗೂ ನ್ಯಾಯಾಲಯಕ್ಕೂ ಬಿಡುತ್ತದೆ.