ದಾಖಲಾತಿ ಪುಸ್ತಕದಲ್ಲಿ ಹೆಸರುಂಟು, ಶಾಲೆಯಲ್ಲಿ ನಾವಿಲ್ಲ

ನಮ್ಮಲ್ಲಿ ಹೆಚ್ಚಿನವರು ಕಲಿತ ಶಾಲೆಗೆ ಮತ್ತೆ ಹೋದದ್ದು ಕಾಗದ ಬೇಕಾದಾಗ. ಗಲ್ಫಿಗೆ ಹೋಗಲು ಪಾಸ್‌ಪೋರ್ಟ್ ಆಗಬೇಕು, ಮನೆಯಲ್ಲಿ ಜನನ ಪ್ರಮಾಣಪತ್ರ ಇಲ್ಲ, ಶಾಲೆಯಿಂದ ಹುಟ್ಟಿದ ತಾರೀಕಿನ ದಾಖಲೆ ತನ್ನಿ ಎಂದರು. ಹೆಡ್‌ಮಾಸ್ಟ್ರು ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದು, ಪುಟ ತಿರುವಿ, ಹೆಸರು ಹುಡುಕಿ ಬರೆದುಕೊಟ್ಟರು. 2019ರ ಕೊನೆಗೆ ಪೌರತ್ವದ ಚರ್ಚೆ ಎದ್ದಾಗ ಉಪ್ಪ-ಉಮ್ಮನ ಹೆಸರು ಹುಡುಕಿಕೊಂಡು ಅದೇ ಬಾಗಿಲಿಗೆ ಹೋದವರೂ ಇದ್ದಾರೆ. ಜಾಗದ ಆರ್‌ಟಿಸಿ ಇಲ್ಲದವರಿಗೂ, ಬಾಡಿಗೆ ಮನೆಯಲ್ಲಿ ಬೆಳೆದವರಿಗೂ ‘ಇವನು ಈ ಊರಿನವನೇ’ ಎಂದು ಸಾಕ್ಷಿ ಹೇಳಿದ್ದು ಆ ಪುಸ್ತಕ.

ಶಾಲೆ ನಮ್ಮ ಹೆಸರನ್ನು ನಲ್ವತ್ತು, ಐವತ್ತು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದೆ. ನಾವು ಶಾಲೆಯನ್ನು ಎಷ್ಟು ಇಟ್ಟುಕೊಂಡಿದ್ದೇವೆ? ಈ ವಾರ ನಾವು ಕೇಳಬೇಕೆಂದಿರುವ ಪ್ರಶ್ನೆ ಇಷ್ಟೇ.

ನೆನಪೇ ಇಲ್ಲ ಎಂದು ಯಾರೂ ಹೇಳಲಾರರು. ಎಸೆಸೆಲ್ಸಿ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪು ಇಲ್ಲದವರು ಈಗ ಕಡಿಮೆ. ಜುಬೈಲ್, ದುಬೈ, ದೋಹಾ, ಬೆಂಗಳೂರು, ಎಲ್ಲಿದ್ದರೂ ಬೆಳಿಗ್ಗೆ ಒಂದು ಸಲಾಂ ಬಂದೇ ಬರ್ತದೆ. ರಜೆಯಲ್ಲಿ ಊರಿಗೆ ಬಂದವರು ಒಂದು ಆದಿತ್ಯವಾರ ಶಾಲೆಯಲ್ಲಿ ಸೇರ್ತಾರೆ. ನಿವೃತ್ತರಾದ ಮಾಸ್ಟ್ರಿಗೆ, ಟೀಚರಿಗೆ ಶಾಲು ಹೊದಿಸ್ತಾರೆ, ಬಿರಿಯಾನಿ ಆಗ್ತದೆ, ಫೋಟೋ ಆಗ್ತದೆ. ಒಳ್ಳೆಯದೇ. ಗುರುಗಳನ್ನು ಗೌರವಿಸುವುದು ನಮಗೆ ಮದ್ರಸದಲ್ಲಿ ಕಲಿಸಿದ ಮೊದಲ ಪಾಠ. ಆದರೆ ಆ ಆದಿತ್ಯವಾರ ಶಾಲೆಯಲ್ಲಿ ಮಕ್ಕಳು ಇರುವುದಿಲ್ಲ. ಈಗ ಅಲ್ಲಿ ಕಲಿಯುವ ಹುಡುಗ, ಹುಡುಗಿ ತಮ್ಮದೇ ಬೆಂಚಿನಲ್ಲಿ ಕೂತು ಹೋದವರ ಮುಖವನ್ನೂ ನೋಡುವುದಿಲ್ಲ.

ಶತಮಾನೋತ್ಸವದ ಕಥೆಯೂ ಹೀಗೆಯೇ. ಸಮಿತಿ ಆಗ್ತದೆ, ಚಂದಾ ಬರ್ತದೆ, ದ್ವಾರ ಏಳ್ತದೆ, ರಂಗಮಂದಿರಕ್ಕೆ ದಾನಿಗಳ ಹೆಸರಿನ ಕಲ್ಲು ಕೂರ್ತದೆ. ಮರುದಿನ ಶಾಮಿಯಾನದ ಜೊತೆಗೆ ಹಳೆ ವಿದ್ಯಾರ್ಥಿ ಸಂಘವನ್ನೂ ಮಡಚಿ ಇಡ್ತೇವೆ. ಇನ್ನು ಸಭೆ ಸೇರುವುದು ನೂರ ಇಪ್ಪತ್ತೈದಕ್ಕೆ. ದ್ವಾರ, ಫ್ಯಾನು, ನೀರಿನ ಟ್ಯಾಂಕು ಬೇಡ ಎಂದು ನಾವು ಹೇಳುವುದಿಲ್ಲ. ಅವು ಬೇಕು. ಆದರೆ ಫ್ಯಾನು ಕೊಟ್ಟ ಮಾತ್ರಕ್ಕೆ ಸಂಬಂಧ ಉಳಿಯಿತು ಎಂದುಕೊಳ್ಳಬಾರದು.

ನಮ್ಮ ಶಾಲೆಗಳಲ್ಲಿ ಇವತ್ತು ದೊಡ್ಡ ಕೊರತೆ ಯಾವುದು ಎಂದು ಯಾವುದೇ ಅನುಭವಿ ಟೀಚರನ್ನು ಕೇಳಿ. ಕಟ್ಟಡದ ಮಾತು ಮುಗಿದ ಮೇಲೆ ಅವರು ಹೇಳುವುದು ಇದನ್ನೇ: ಮುಂದೆ ಎಂತ ಆಗಬಹುದು ಎಂದು ಮಕ್ಕಳಿಗೆ ಗೊತ್ತಿಲ್ಲ, ಮನೆಯಲ್ಲಿ ಹೇಳುವವರೂ ಇಲ್ಲ. ಹತ್ತನೇ ತರಗತಿ ಮುಗಿದ ಹುಡುಗನಿಗೆ ಕಣ್ಣಿಗೆ ಕಾಣುವುದು ಮೊಬೈಲ್ ಅಂಗಡಿ ಮತ್ತು ವೀಸಾ. ಹುಡುಗಿಗೆ ಅಂಕ ಚೆನ್ನಾಗಿ ಬಂದರೂ ‘ಇನ್ನು ಸಾಕು’ ಎಂಬ ಮಾತು. ಈ ಮಗುವಿನ ಎದುರು ದೂರದ ದೊಡ್ಡ ವ್ಯಕ್ತಿಯನ್ನು ತಂದು ಭಾಷಣ ಮಾಡಿಸಿದರೆ ಚಪ್ಪಾಳೆ ಸಿಗ್ತದೆ, ಅಷ್ಟೇ. ಇದೇ ಶಾಲೆಯಲ್ಲಿ ಕಲಿತು, ಇದೇ ಗಣಿತದಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ ಇವತ್ತು ಡಿಪ್ಲೊಮಾ ಇಂಜಿನಿಯರ್ ಆದ ಪಕ್ಕದ ಓಣಿಯ ಕಾಕ ಬಂದು ಮಾತಾಡಿದರೆ ಅದರ ತೂಕವೇ ಬೇರೆ. ಅವರು ಹೇಗೆ ಹೋದರೋ ಹಾಗೆ ನಾನೂ ಹೋಗಬಹುದು ಎಂದು ಮಗು ಲೆಕ್ಕ ಹಾಕ್ತದೆ.

ಹರೇಕಳ ಹಾಜಬ್ಬರನ್ನು ಇಲ್ಲಿ ನೆನೆಯದೆ ಇರಲಾಗದು. ನೆನೆಯಲು ಅವರಿಗೆ ಹಳೆಯ ಶಾಲೆಯೇ ಇರಲಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಬೆಲೆ ಕೇಳಿದರೆ ಉತ್ತರ ಹೇಳಲಾಗದ ನೋವಿನಿಂದ ನ್ಯೂಪಡ್ಪುವಿಗೆ ಶಾಲೆ ತಂದವರು ಅವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸ್ಟೇಟಸ್ ಹಾಕಿದೆವು. ಅವರಿಂದ ಕಲಿಯಬೇಕಾದ್ದು ಇನ್ನೊಂದು ಉಂಟು. ಶಾಲೆ ಮಂಜೂರಾದ ದಿನ ಅವರು ಕೈತೊಳೆದುಕೊಂಡು ಹೋಗಲಿಲ್ಲ. ಜಾಗಕ್ಕೆ, ಕೋಣೆಗೆ, ಮುಂದಿನ ತರಗತಿಗೆ, ಪ್ರೌಢಶಾಲೆಗೆ ಎಂದು ಕಚೇರಿಯಿಂದ ಕಚೇರಿಗೆ ನಡೆಯುತ್ತಲೇ ಇದ್ದರು. ಅಕ್ಷರ ಕಲಿಯದ ಒಬ್ಬರು ಇಷ್ಟು ವರ್ಷ ಒಂದು ಶಾಲೆಯ ಬೆನ್ನಿಗೆ ನಿಲ್ಲಬಹುದಾದರೆ, ಅಕ್ಷರ ಕಲಿತ ನಾವು ವರ್ಷಕ್ಕೆ ನಾಲ್ಕು ದಿವಸ ನಿಲ್ಲಲಾರೆವೇ?

ಈಗ ಸ್ವಲ್ಪ ಕಹಿಯಾದ ಮಾತು. ನಮ್ಮ ಹಳೆ ವಿದ್ಯಾರ್ಥಿ ಸಂಘಗಳ ಪಟ್ಟಿ ತೆಗೆದು ನೋಡಿ. ಅದರಲ್ಲಿ ಇರುವವರು ಗಂಡಸರು, ಅದರಲ್ಲೂ ನಾಲ್ಕು ಕಾಸು ಮಾಡಿದವರು. ದಾಖಲಾತಿ ಪುಸ್ತಕದಲ್ಲಿ ಹಾಗೆ ಇಲ್ಲ. ಅಲ್ಲಿ ಹುಡುಗಿಯರ ಹೆಸರು ಹುಡುಗರ ಹೆಸರಿನ ಪಕ್ಕದಲ್ಲೇ ಉಂಟು. ಮದುವೆಯಾಗಿ ಫರಂಗಿಪೇಟೆಗೋ, ಉಪ್ಪಿನಂಗಡಿಗೋ, ಸುರತ್ಕಲ್ಲಿಗೋ ಹೋದ ಮೇಲೆ ಅವರನ್ನು ನಾವು ಆ ಶಾಲೆಯ ಲೆಕ್ಕದಿಂದಲೇ ತೆಗೆದುಬಿಟ್ಟೆವು. ಅವರಲ್ಲಿ ನರ್ಸ್ ಆದವರು ಇದ್ದಾರೆ, ಟೀಚರ್, ವಕೀಲೆ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಆದವರು ಇದ್ದಾರೆ. ಏಳನೇ ತರಗತಿಗೆ ಬಿಟ್ಟು ಬೀಡಿ ಕಟ್ಟಿ ತಮ್ಮಂದಿರನ್ನು ಓದಿಸಿದವರೂ ಇದ್ದಾರೆ. ಒಂಬತ್ತನೇ ತರಗತಿಯ ಹುಡುಗಿಯನ್ನು ಮುಂದೆ ಓದಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಾಗುವಾಗ, ಅದೇ ಶಾಲೆಯಲ್ಲಿ ಕಲಿತು ನರ್ಸ್ ಆಗಿ, ಮದುವೆಯಾಗಿ, ಮಕ್ಕಳನ್ನೂ ಸಾಕುತ್ತಿರುವ ಒಬ್ಬ ದಾದ ಆ ಮನೆಯ ಉಮ್ಮನ ಹತ್ತಿರ ಕೂತು ಮಾತಾಡಿದರೆ ಆಗುವ ಕೆಲಸ, ಹತ್ತು ಜನ ಗಂಡಸರು ವೇದಿಕೆಯಲ್ಲಿ ನಿಂತು ಸ್ತ್ರೀಶಿಕ್ಷಣದ ಬಗ್ಗೆ ಮಾತಾಡಿದರೆ ಆಗ್ಲಿಕ್ಕಿಲ್ಲ.

ಅವರನ್ನು ಕರೆಯುವುದು ಕಷ್ಟವೂ ಅಲ್ಲ. ಉಮ್ಮನ ಮನೆ ಇದೇ ಊರಿನಲ್ಲಿ ಉಂಟು, ಪೆರ್ನಾಲಿಗೆ ಬಂದೇ ಬರ್ತಾರೆ. ರಾತ್ರಿ ಸಭೆ ಬಿಟ್ಟು ಹಗಲು ಹೊತ್ತು ಶಾಲೆಯಲ್ಲೇ ಸೇರಲಿ. ಮಕ್ಕಳನ್ನು ಕರೆದುಕೊಂಡು ಬರಲಿ. ಕರೆಯುವ ಜವಾಬ್ದಾರಿ, ಲೆಕ್ಕ ಇಡುವ ಜವಾಬ್ದಾರಿ ಅವರಲ್ಲೇ ಇಬ್ಬರಿಗೆ ಇರಲಿ.

ಅರ್ಧಕ್ಕೆ ಬಿಟ್ಟವರ ಮಾತೂ ಹಾಗೆಯೇ. ಐದಕ್ಕೆ ಬಿಟ್ಟು ಧಕ್ಕೆಗೆ ಹೋದವರು, ಮೀನು ಮಾರುವವರು, ರಿಕ್ಷಾ ಓಡಿಸುವವರು, ಬಸ್ಸಿನಲ್ಲಿ ಕಂಡಕ್ಟರ್ ಆದವರು ‘ನಾವು ಕಲಿತವರಲ್ಲ’ ಎಂದು ಸಂಘದ ಸಭೆಗೆ ಬರುವುದಿಲ್ಲ, ನಾವೂ ಕರೆಯುವುದಿಲ್ಲ. ಶಾಲೆ ಬಿಟ್ಟು ಅಲೆಯುವ ಹುಡುಗ ಎಲ್ಲಿದ್ದಾನೆ ಎಂದು ಮೊದಲು ಗೊತ್ತಾಗುವುದು ಸ್ಟ್ಯಾಂಡಿನ ರಿಕ್ಷಾದವರಿಗೆ. ಓದು ಬಿಟ್ಟದ್ದರಿಂದ ಎಂತ ಹೋಯಿತು ಎಂದು ಆ ಹುಡುಗನಿಗೆ ಹೇಳುವ ಹಕ್ಕೂ ಅವರಿಗೆ ಹೆಚ್ಚು. ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಹಳೆ ವಿದ್ಯಾರ್ಥಿಗಳೇ. ಪಾಸಾಗಿರಬೇಕೆಂಬ ಷರತ್ತು ಯಾರೂ ಹಾಕಿಲ್ಲ.

ಹಾಗಾದರೆ ಎಂತ ಮಾಡುವುದು? ಒಂದು ಉದಾಹರಣೆ ಕೊಡುತ್ತೇವೆ. ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಉಂಟು. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು, ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರದವರು ಬರೆಯಬಹುದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗ್ತದೆ. ನಾಲ್ಕು ವರ್ಷಕ್ಕೆ 48,000. ಪಿಯುಸಿ ಬೇಡ ಎನ್ನುವ ಮನೆಯಲ್ಲಿ ಈ ಹಣ ಮಾತಾಡ್ತದೆ. ಅಲ್ಪಸಂಖ್ಯಾತರಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಿದ ಮೇಲಂತೂ ಇಂಥ ಅವಕಾಶ ಬಿಡುವಂತೆಯೇ ಇಲ್ಲ. ಆದರೆ ಅರ್ಜಿ ಹಾಕಬೇಕು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು, ಬುದ್ಧಿಶಕ್ತಿಯ ಲೆಕ್ಕಗಳಿಗೆ ತರಬೇತಿ ಬೇಕು. ಡಿಗ್ರಿ ಓದುತ್ತಿರುವ ನಾಲ್ಕು ಮಂದಿ ಹಳೆ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಎರಡು ಗಂಟೆ ಕೂತರೆ ಇದು ಆಗುವ ಕೆಲಸ. ಖರ್ಚು ಜೆರಾಕ್ಸಿನದ್ದು ಮಾತ್ರ.

ಹೀಗೆಯೇ ಎಸೆಸೆಲ್ಸಿ ಫಲಿತಾಂಶ ಬಂದ ವಾರ ಪ್ರತಿ ಮಗುವಿನ ಮನೆಗೆ ಹೋಗಿ, ಮುಂದೆ ಎಲ್ಲಿಗೆ, ಯಾವ ಕಾಲೇಜು, ಐಟಿಐಯೋ ಪಿಯುಸಿಯೋ ಎಂದು ಕೇಳುವವರು ಬೇಕು. ಫೇಲಾದವರಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಉಂಟು ಎಂದು ಹೇಳುವವರು ಬೇಕು. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಎಂದು ಒಂದನೇ ತರಗತಿಗೆ ಬಂದ ಮಗು ತಬ್ಬಿಬ್ಬಾದಾಗ, ಅದರದ್ದೇ ಭಾಷೆಯಲ್ಲಿ ನಾಲ್ಕು ಕಥೆ ಹೇಳಿ ಕನ್ನಡಕ್ಕೆ ಕೈಹಿಡಿದು ತರುವ ಅಜ್ಜಿ, ಅಜ್ಜ ಬೇಕು. ಇದಕ್ಕೆ ಯಾವ ಹೊಸ ಕಟ್ಟಡವೂ ಬೇಡ.

ಹಣದ ಮಾತು ಬಂದಾಗ ಗಲ್ಫಿನಲ್ಲಿರುವ ನಮ್ಮ ಸಹೋದರರು ಎರಡು ವಿಷಯ ನೆನಪಿಡಲಿ. ಭಾರತದ ಪೌರತ್ವ ಇರುವವರು ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ನೇರವಾಗಿ ಕಳಿಸಿದರೆ ಅದು ಕಾನೂನಿನ ಪ್ರಕಾರ ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಆಗ್ತದೆ. ಯುಎಇಯಲ್ಲಿ ಪರವಾನಿಗೆ ಇಲ್ಲದೆ ಚಂದಾ ಎತ್ತುವುದು ಅಪರಾಧ. ಒಳ್ಳೆಯ ಕೆಲಸಕ್ಕೆ ಹೊರಟು ಕೆಲಸ ಕಳೆದುಕೊಳ್ಳುವ ಹಾಗೆ ಆಗಬಾರದು. ಊರಿನಲ್ಲಿ ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಬಹುದು. ಸಂಘದ ಹೆಸರಿನಲ್ಲಿ ಖಾತೆ ಇರಲಿ, ವರ್ಷಕ್ಕೊಮ್ಮೆ ಲೆಕ್ಕ ಓದಲಿ, ಲೆಕ್ಕದ ಹಾಳೆಯನ್ನು ಶಾಲೆಯ ನೋಟೀಸು ಬೋರ್ಡಿಗೂ ಹಚ್ಚಲಿ. ನಮ್ಮಲ್ಲಿ ಎಷ್ಟೋ ಸಂಘ ಒಡೆದದ್ದು ಹಣ ಇಲ್ಲದೆ ಅಲ್ಲ, ಲೆಕ್ಕ ಇಲ್ಲದೆ.

ಇನ್ನೊಂದು ಎಚ್ಚರ. ಹಣ ಕೊಟ್ಟವರು ಶಾಲೆಯ ಯಜಮಾನರಾಗಬಾರದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಈಗ ಕಲಿಯುವ ಮಕ್ಕಳ ಹೆತ್ತವರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಎಸ್‌ಡಿಎಂಸಿ ಕೇಳಿದ್ದನ್ನು ಕೊಡುವುದು, ಕೇಳಲು ಧೈರ್ಯವಿಲ್ಲದ ಹೆತ್ತವರ ಜೊತೆ ನಿಂತು ಬಿಇಒ ಕಚೇರಿಗೆ ಹೋಗುವುದು, ಇದು ಹಳೆ ವಿದ್ಯಾರ್ಥಿಗಳ ಜಾಗ.

‘ನಮ್ಮ ಮಕ್ಕಳೇ ಆ ಶಾಲೆಗೆ ಹೋಗುವುದಿಲ್ಲ, ಇಂಗ್ಲಿಷ್ ಮೀಡಿಯಂಗೆ ಹೋಗ್ತಾರೆ, ಮತ್ತೆ ನಮಗೆ ಎಂತ ಸಂಬಂಧ?’ ಎಂದು ಕೇಳುವವರು ಉಂಟು. ಕೇಳುವುದರಲ್ಲಿ ಪ್ರಾಮಾಣಿಕತೆ ಉಂಟು. ಮಕ್ಕಳನ್ನು ಎಲ್ಲಿಗೆ ಕಳಿಸಬೇಕು ಎನ್ನುವುದು ಹೆತ್ತವರಿಗೆ ಬಿಟ್ಟದ್ದು. ಆದರೆ ಈಗ ಆ ಶಾಲೆಯಲ್ಲಿ ಕಲಿಯುವುದು ಯಾರ ಮಕ್ಕಳು? ಫೀಸು ಕಟ್ಟಲಾಗದ ನಮ್ಮದೇ ಓಣಿಯವರ ಮಕ್ಕಳು, ದುಡಿಯಲು ದೂರದಿಂದ ಬಂದವರ ಮಕ್ಕಳು. ನಮಗೆ ಏಣಿಯಾದ ಶಾಲೆ ಅವರಿಗೂ ಏಣಿಯಾಗಬೇಕಲ್ಲ. ಬಂಟ್ವಾಳ ತಾಲೂಕಿನ ದಡ್ಡಲಕಾಡಿನಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಸರಕಾರಿ ಶಾಲೆಯನ್ನು ಊರಿನ ಯುವಕರು ಎತ್ತಿ ನಿಲ್ಲಿಸಿದ್ದನ್ನು ನಮ್ಮ ಜಿಲ್ಲೆಯೇ ನೋಡಿದೆ. ಊರವರು ಮನಸ್ಸು ಮಾಡಿದರೆ ಆಗ್ತದೆ ಎನ್ನಲು ಬೇರೆ ಪುರಾವೆ ಬೇಡ.

ಸಂಬಂಧ ಇರಬೇಕಾದ್ದಕ್ಕೆ ಮತ್ತೊಂದು ಕಾರಣ ಉಂಟು. 2022ರ ಆರಂಭದ ಆ ತಿಂಗಳುಗಳನ್ನು ನಮ್ಮ ಮನೆಗಳು ಮರೆತಿಲ್ಲ. ಶಿರವಸ್ತ್ರದ ವಿವಾದದಲ್ಲಿ ಗೇಟಿನ ಹೊರಗೆ ನಿಂತ ಹೆಣ್ಣುಮಕ್ಕಳ ಪರವಾಗಿ ಒಳಗೆ ಹೋಗಿ, ‘ಸರ್, ನಾವು ಇಲ್ಲೇ ಕಲಿತವರು, ಕೂತು ಮಾತಾಡುವ’ ಎನ್ನುವವರು ಎಷ್ಟು ಕಡೆ ಇದ್ದರು? ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೆ. ಆದರೆ ಶಾಲೆಗೂ ಮನೆಗೂ ನಡುವೆ ಮಾತು ಉಳಿಸುವವರು ಕಷ್ಟ ಬಂದ ದಿನ ಹುಟ್ಟುವುದಿಲ್ಲ. ಮೊದಲೇ ಹೋಗಿ ಬಂದು ಮಾಡಿದವರಿಗೆ ಮಾತ್ರ ಆ ದಿನ ಬಾಗಿಲು ತೆರೆಯುತ್ತದೆ. ಒಟ್ಟಿಗೆ ಕಲಿತ ಹಿಂದೂ, ಕ್ರೈಸ್ತ ಗೆಳೆಯರೂ ಆ ಸಂಘದಲ್ಲಿ ಇರಬೇಕು. ದಾಖಲಾತಿ ಪುಸ್ತಕದಲ್ಲಿ ಅವರ ಹೆಸರೂ ನಮ್ಮ ಹೆಸರಿನ ಕೆಳಗೇ ಉಂಟು.

ಜಮಾಅತ್‌ಗಳಿಗೂ ಒಂದು ವಿನಂತಿ. ಜುಮಾದ ನಂತರ ಐದು ನಿಮಿಷ ಶಾಲೆಯ ಮಾತಿಗೆ ಕೊಡಿ. ಕಲಿಸಿದ ವಿದ್ಯೆ ಕಲಿಸಿದವರು ಹೋದ ಮೇಲೂ ಪುಣ್ಯವಾಗಿ ಮುಂದುವರಿಯುತ್ತದೆ ಎಂದು ನಂಬಿದವರು ನಾವು. ಆ ಪುಣ್ಯದಲ್ಲಿ ಬಾವಿ, ಪಲ್ಲಿಯ ಜೊತೆ ಶಾಲೆಗೂ ಪಾಲುಂಟು.

ಬರುವ ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಂದು ಕೆಲಸದ ದಿನ, ಆದಿತ್ಯವಾರ ಅಲ್ಲ, ಪ್ರತಿ ಬ್ಯಾಚಿನಿಂದ ಇಬ್ಬರು ಹೋಗಿ. ಇಬ್ಬರಲ್ಲಿ ಒಬ್ಬರು ಮಹಿಳೆ ಇರಲಿ. ಹೆಡ್‌ಮಾಸ್ಟ್ರ ಅನುಮತಿ ಪಡೆದು ದಾಖಲಾತಿ ಪುಸ್ತಕದಿಂದ ನಿಮ್ಮ ಬ್ಯಾಚಿನ ಹೆಸರುಗಳನ್ನು ಬರೆದುಕೊಳ್ಳಿ. ಯಾರು ಎಲ್ಲಿದ್ದಾರೆ, ಎಂತ ಬಲ್ಲರು ಎಂದು ಹುಡುಕಿ ಪಕ್ಕದಲ್ಲಿ ಬರೆಯಿರಿ. ಆ ಪಟ್ಟಿಯ ಒಂದು ಪ್ರತಿ ಶಾಲೆಗೆ ಕೊಡಿ. ಈ ಸಲ ಶಾಲೆಯಿಂದ ಕಾಗದ ತರುವುದು ಬೇಡ, ಶಾಲೆಗೆ ಒಂದು ಕಾಗದ ಕೊಟ್ಟು ಬರೋಣ.