ಪಾದರಸ ಹುಡುಕಬೇಕಾದದ್ದು ಎಲ್ಲಿ?

ಮೈಸೂರಿನ ಸುತ್ತ ಖನಿಜಕ್ಕೆ ಬರವಿಲ್ಲ. ಶ್ರೀರಾಂಪುರದಿಂದ ನಂಜನಗೂಡಿನತ್ತ ಹೊರಟರೆ ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕನ್ಯದಲ್ಲಿ ಮ್ಯಾಗ್ನಸೈಟ್ ತೆಗೆದ ಜಾಗಗಳಿವೆ. ಹಾಗಾದರೆ ಪಾದರಸದ ಅದಿರಾದ ಇಂಗಳೀಕವನ್ನೂ ಶೋಧಿಸಬಾರದೇಕೆ? ಅದು ವ್ಯರ್ಥ ಎನ್ನುತ್ತೇನೆ. ಕೆಂಪು ಇಂಗಳೀಕ ಸಾಮಾನ್ಯವಾಗಿ ನೆಲಮಟ್ಟಕ್ಕೆ ಹತ್ತಿರ, ಬಿಸಿನೀರು ಬಿರುಕುಗಳಲ್ಲಿ ಹರಿದು ತಣ್ಣಗಾಗುವಾಗ ಕೂಡಿಕೊಳ್ಳುತ್ತದೆ. ನಮ್ಮ ಬಂಡೆಗಳೋ ಸುಮಾರು 300 ಕೋಟಿ ವರ್ಷ ಹಳೆಯವು. ಮೇಲಿನ ಹಲವು ಕಿಲೋಮೀಟರ್ ಸವೆದು, ಆಳದಲ್ಲಿ ಬೆಂದ ಭಾಗ ಈಗ ಹೊರಗೆ ಕಾಣುತ್ತಿದೆ. ಎಂದೋ ಇಂಗಳೀಕ ಇದ್ದಿದ್ದರೂ ಅದು ಆ ಸವೆತದಲ್ಲೇ ಹೋಗಿರುತ್ತದೆ. ಕೋಲಾರದಲ್ಲಿ ಅದಿರನ್ನು ಪುಡಿಮಾಡಿ, ಪಾದರಸ ಸವರಿದ ತಾಮ್ರದ ಹಾಳೆಗಳ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದರು. ಆ ಪಾದರಸ ಈ ನೆಲದ್ದಲ್ಲ.

ಆಮದಿಗೆ ಕಟ್ಟುಬಿದ್ದಿರುವುದೇಕೆ ಎಂಬ ಆಕ್ಷೇಪಕ್ಕೆ ಉತ್ತರ ಸರಳ. ಭಾರತ 2018ರಲ್ಲಿ ಅಂಗೀಕರಿಸಿದ ಮಿನಮಾತಾ ಒಪ್ಪಂದ ಹೊಸ ಪಾದರಸ ಗಣಿಗೇ ಅವಕಾಶ ಕೊಡುವುದಿಲ್ಲ. ಇರುವ ಪಾದರಸ ನಮ್ಮ ಮನೆಗಳಲ್ಲಿದೆ. ಟ್ಯೂಬ್‌ಲೈಟಿನಲ್ಲಿರುವುದು ಕೆಲವೇ ಮಿಲಿಗ್ರಾಂ, ಅದಕ್ಕಿಷ್ಟು ರಾದ್ಧಾಂತವೇ ಎನ್ನಬಹುದು. ಒಪ್ಪೋಣ, ಆದರೆ ಹಳೆಯ ಜ್ವರಮಾಪಕದಲ್ಲಿ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನವರೆಗೂ ಇರುತ್ತದೆ, ಬಿಪಿ ಯಂತ್ರದಲ್ಲಿ ಇನ್ನೂ ಎಷ್ಟೋ ಪಟ್ಟು. ಶ್ರೀರಾಂಪುರದಂಥ ಬಡಾವಣೆಯಲ್ಲಿ ಇವನ್ನು ಕಸದ ಗಾಡಿಗೆ ಸುರಿಯದೆ ಬೇರೆಯಾಗಿ ಪಡೆಯುವ ವ್ಯವಸ್ಥೆಗೆ ಪಾಲಿಕೆ ಹಣವಿಡಲಿ. ಮೊದಲು ಕ್ಲಿನಿಕ್‌ಗಳಿಂದ ಶುರುಮಾಡಿದರೆ ಸಾಕು.